ಗೋಡೆಗೂ ಸಂಸಾರವಿದೆ

ಮರದಂಗಡಿಯವರ ಗಂಟಲಿನ ಮೇಲೆ ಕ್ಷೌರದ ಕತ್ತಿ ಇಟ್ಟುಕೊಂಡಿದ್ದ ಹಾಗೇ ಗಿಣಿಯಣ್ಣನ ಮಾತು ನಿಂತುಹೋಯಿತು. ಮರೆತದ್ದಲ್ಲ. ಸರ್ಕಸ್ಸಿನ ಸಿಂಹಕ್ಕೆ ಕ್ಷೌರ ಮಾಡಲು ಹೋದವನು ನಡುಗುತ್ತ ‘ಕಿವಿ ಮುಚ್ಚೋ ಹಾಗೆ ಬಿಡಲಾ ಸ್ವಾಮಿ, ಇಲ್ಲ ಪೂರ್ತಿ ತೆಗೀಲಾ?’ ಎಂದು ಕೇಳುವಲ್ಲಿಗೆ ಕಥೆ ಬಂದಿತ್ತು. ಮುಂದಿನದು ಸಿಂಹದ ಉತ್ತರ. ಆ ಉತ್ತರಕ್ಕೇ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದು. ಅದು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಹೇಳಿ ಏನಾಗಬೇಕು ಅನ್ನಿಸಿತು. ಮರದಂಗಡಿಯವರು ಕಣ್ಣು ಮುಚ್ಚಿ, ನಗಲು ಸಿದ್ಧವಾಗಿ, ತುಟಿಯನ್ನು ಅರ್ಧ ಅಗಲಿಸಿಕೊಂಡು ಕಾದಿದ್ದರು. ನೊರೆಯ ಕೆಳಗೆ ಅವರ ಗಂಟಲಿನ ಗಂಟು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಆಡಿತು. ಇನ್ನೊಂದು ಸ್ವಲ್ಪ ಒತ್ತಿದರೆ, ಎಂಬ ಯೋಚನೆ ಬಂತು. ಒತ್ತಬೇಕೆಂಬ ಆಸೆಯೇನೂ ಇರಲಿಲ್ಲ. ಅವರ ಮೇಲೆ ಸಿಟ್ಟೂ ಇರಲಿಲ್ಲ. ಆ ಯೋಚನೆ ಬಂದು ಸರದಿಗೆ ಕಾಯುವ ಗಿರಾಕಿಯ ಹಾಗೆ ಸುಮ್ಮನೆ ಕೂತಿತು, ಅಷ್ಟೆ. ಹಿಂದೆ ಯಾರ ಕೆನ್ನೆಯಲ್ಲಾದರೂ ಸಾಸಿವೆಯಷ್ಟು ರಕ್ತ ಕಂಡರೆ ಅವನ ಬೆನ್ನು ಬೆವರುತ್ತಿತ್ತು. ಈಗ ಬೆವರಲಿಲ್ಲ. ಹೆದರಿಕೆಯಾಗಬೇಕಾದ ಕಡೆ ಹೆದರಿಕೆ ಆಗಲಿಲ್ಲವಲ್ಲ ಎಂಬುದು ಅವನಿಗೆ ತಿಳಿಯಿತು, ಆ ತಿಳಿವಳಿಕೆಗೂ ಎದೆ ಅಲುಗಲಿಲ್ಲ. ಕತ್ತಿಯನ್ನು ಮಡಚಿ, ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಪಕ್ಕದ ಕುರ್ಚಿಯಲ್ಲಿ ಯಾರದೋ ತಲೆಗೆ ನೀರು ಚಿಮುಕಿಸುತ್ತಿದ್ದ ತಮ್ಮನ ಮಗನಿಗೆ, “ಇವರದ್ದು ನೀನೇ ಮುಗಿಸು” ಅಂದ.

“ಯಾಕೆ ದೊಡ್ಡಪ್ಪ? ಕೈ ನೋವಾ?”

“ಅಲ್ಲ. ನೀನೇ ಮುಗಿಸು.”

ತಮ್ಮನ ಮಗ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಈಚೆ ಬಂದ. ಮೈಮುರಿದು ದುಡಿಯುವವನು, ಇಬ್ಬರು ಮಕ್ಕಳ ತಂದೆ. ಅಂಗಡಿ ಈಗ ನಡೆಯುತ್ತಿದ್ದದ್ದು ಅವನ ಕೈಯಿಂದಲೇ. ಮರದಂಗಡಿಯವರು ಅರ್ಧ ನೊರೆಯ ಮುಖ ಎತ್ತಿ, “ಏನಪ್ಪಾ, ಸಿಂಹ ಏನಂತಂತೆ?” ಎಂದು ಕೇಳಿದರು. ತಮ್ಮನ ಮಗ ಅವರ ಕಿವಿಯ ಹತ್ತಿರ ಬಗ್ಗಿ, “ದೊಡ್ಡಪ್ಪನಿಗೆ ಈಗೀಗ ಹಾಗೇ, ಬೇಜಾರ್ ಮಾಡ್ಕೋಬೇಡಿ” ಅಂದ. ಮೆಲ್ಲಗೇ ಅಂದ. ಆದರೆ ಎದುರಿನ ಗೋಡೆಗೆಲ್ಲ ಕನ್ನಡಿಯಿದ್ದ ಆ ಚಿಕ್ಕ ಕೋಣೆಯಲ್ಲಿ ಮೆಲ್ಲಗೆ ಅಂದ ಮಾತಿಗೂ ಮುಖವಿತ್ತು. ಆ ತುಟಿಗಳ ಅನುಕಂಪವನ್ನು ಗಿಣಿಯಣ್ಣ ಕನ್ನಡಿಯಲ್ಲಿ ಕಂಡ. ಅವಮಾನವಾಗಬೇಕಿತ್ತು. ಕೈ ತೊಳೆದುಕೊಂಡ, ಬೆರಳ ಸಂದಿಯ ನೊರೆಯನ್ನು ಒರೆಸಿಕೊಂಡ, ಹೊರಗೆ ಬಂದ. ಹಾಡುಹಗಲು. ರಸ್ತೆಯಲ್ಲಿ ಯಾರೋ ಸೈಕಲ್ ಮೇಲೆ ಪ್ಲಾಸ್ಟಿಕ್ ಕೊಡಗಳ ಗೋಪುರ ಕಟ್ಟಿಕೊಂಡು ಹೋಗುತ್ತಿದ್ದ. ಇಂಥದ್ದನ್ನು ಕಂಡರೆ ಮೊದಲು ಅವನ ಬಾಯಿಗೆ ಒಂದು ಮಾತು ತಾನಾಗಿ ಬಂದುಬಿಡುತ್ತಿತ್ತು. ಆ ಬಾಯಿಂದಾಗಿಯೇ ಗಿಣಿ ಎಂಬ ಹೆಸರು ಬಂದು, ತಂದೆ ತಾಯಿ ಇಟ್ಟ ಹೆಸರು ಪಡಿತರ ಚೀಟಿಗಷ್ಟೇ ಉಳಿದಿತ್ತು. ಈಗ ಕೊಡ ಕಂಡಿತು, ಸೈಕಲ್ ಕಂಡಿತು. ಮಾತು ಬರಲಿಲ್ಲ.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ನೋಡಿ, ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, “ಊಟ ಮಾಡ್ತೀರಾ?” ಅಂದಳು. ಬೇಡವೆಂದ. ಕೆಲವು ತಿಂಗಳಿಂದ ಅವನಿಗೆ ಹಸಿವೆಂಬುದು ಬೇರೆಯವರ ಮನೆಯ ಸುದ್ದಿಯಾಗಿತ್ತು. ತುತ್ತು ಬಾಯಿಗೆ ಹೋಗುತ್ತಿತ್ತು, ಹಲ್ಲು ಅಗಿಯುತ್ತಿತ್ತು. ಬೆಳಕು ಹರಿಯುವ ಎಷ್ಟೋ ಮೊದಲೇ ಎಚ್ಚರವಾಗಿ, ಎದ್ದೂ ಏನು ಮಾಡಬೇಕೆಂದು ತಿಳಿಯದೆ ಕಾಲಿನ ಬೆರಳುಗಳನ್ನು ನೋಡುತ್ತ ಮಲಗಿರುತ್ತಿದ್ದ. ತಂಗಿಯ ಮಗಳಿಗೆ ಗಂಡು ಮಗುವಾದಾಗ ಆ ಮಗುವನ್ನು ಅವನ ಕೈಗೆ ಕೊಟ್ಟಿದ್ದರು. ಬೆಚ್ಚಗಿತ್ತು, ಸೋಪು ಪೌಡರಿನ ವಾಸನೆಯಿತ್ತು. ಎಲ್ಲರೂ ಅವನು ಏನಾದರೂ ಅನ್ನುತ್ತಾನೆಂದು ಕಾದರು. ಅವನು, “ತೂಕ ಇದೆ” ಅಂದಿದ್ದ. ಆಮೇಲೆ ತಂಗಿ ಅಡುಗೆಮನೆಯಲ್ಲಿ, “ಅಣ್ಣನಿಗೆ ನಮ್ಮ ಮೇಲೆ ಏನೋ ಇದೆ” ಎಂದು ಅತ್ತಳಂತೆ.

“ಇವತ್ತು ಒಬ್ಬರ ಗಂಟಲ ಮೇಲೆ ಕತ್ತಿ ಇಟ್ಕೊಂಡು ನಿಂತುಬಿಟ್ಟೆ” ಅಂದ ಹೆಂಡತಿಗೆ.

ಅವಳು ಏನು ಎತ್ತ ಎಂದು ಕೇಳಲಿಲ್ಲ. ಅಂಗಿಯನ್ನು ಮಡಚಿ ಮುಗಿಸಿ, ಗಂಟಿನ ಮೇಲಿಟ್ಟು, “ನಾಳೆ ನನ್ನ ಡಾಕ್ಟ್ರ ಹತ್ರ ಹೋಗೋಣ” ಅಂದಳು. ನನ್ನ ಡಾಕ್ಟ್ರು. ಎಷ್ಟೋ ವರ್ಷಗಳಿಂದ ಅವಳು ಹಾಗೆಯೇ ಅನ್ನುತ್ತಿದ್ದಳು, ನನ್ನ ಚಪ್ಪಲಿ, ನನ್ನ ಕೊಡೆ ಅನ್ನುವ ಹಾಗೆ. ಮೊದಲಿದ್ದ ಡಾಕ್ಟರು ಹೋಗಿ ಈಗ ಅವರ ಜಾಗಕ್ಕೆ ಒಬ್ಬ ಹೆಂಗಸು ಬಂದಿದ್ದರೂ ಮಾತು ಬದಲಾಗಿರಲಿಲ್ಲ. ಗಿಣಿಯಣ್ಣ ಒಂದು ದಿನವೂ ಆ ಮೆಟ್ಟಿಲು ಹತ್ತಿದವನಲ್ಲ. ಅವಳು ಹೋಗುತ್ತಿದ್ದಳು, ಮಾತ್ರೆ ತರುತ್ತಿದ್ದಳು, ಬೆಳಗಿನ ಕಾಫಿಯ ಜೊತೆ ನುಂಗುತ್ತಿದ್ದಳು. ಅವನು, “ಆಯ್ತಾ ನೈವೇದ್ಯ?” ಅನ್ನುತ್ತಿದ್ದ. ಅವಳು ನಗುತ್ತಿದ್ದಳೋ ಇಲ್ಲವೋ ಈಗ ನೆನಪಾಗುತ್ತಿರಲಿಲ್ಲ.

ಆಸ್ಪತ್ರೆಯ ಆ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ತೊಳೆಯದ ಗಾಜಿನ ಕಿಟಕಿ ಇದ್ದವು. ಡಾಕ್ಟರಮ್ಮ ತಲೆಯ ನಡುಬೈತಲೆಯಲ್ಲಿ ಬಿಳಿಗೂದಲು ಇಣುಕುವ ವಯಸ್ಸಿನವರು. ಹಸಿವು, ನಿದ್ದೆ, ಮಲ ಮೂತ್ರ, ಎಲ್ಲವನ್ನೂ ಕೇಳಿದರು. ರಕ್ತಪರೀಕ್ಷೆಗೆ ಬರೆದುಕೊಟ್ಟರು, ಅದು ಬಂದಮೇಲೆ ಥೈರಾಯ್ಡಿನದೇನೂ ಇಲ್ಲವೆಂದರು. ಸಾಯಬೇಕು ಅನ್ನಿಸುತ್ತದೆಯೇ ಎಂದು, ಟೀ ಕುಡಿಯುತ್ತೀರಾ ಎಂದು ಕೇಳುವಷ್ಟೇ ಸರಾಗವಾಗಿ ಕೇಳಿದರು. “ಸಾಯಬೇಕು ಅಂತಲೂ ಅನ್ನಿಸಲ್ಲ ಮೇಡಂ,” ಅಂದ ಅವನು, “ಏನೂ ಅನ್ನಿಸಲ್ಲ.” ಅವರು ಪೆನ್ನು ಕೆಳಗಿಟ್ಟರು. ಮಿದುಳಿನ ಬುಡದಲ್ಲಿ ಪುಟ್ಟದೊಂದು ಜೀವಕೋಶಗಳ ಗುಂಪಿದೆ, ಅಲ್ಲಿ ಸಿರೊಟೋನಿನ್ ಅನ್ನೋ ರಸ ತಯಾರಾಗುತ್ತೆ, ಅಲ್ಲಿಂದ ಮಿದುಳಿನ ಮೂಲೆ ಮೂಲೆಗೂ ಹೋಗುತ್ತೆ ಎಂದರು. ನಿದ್ದೆ, ಹಸಿವು, ತಾಳ್ಮೆ, ಮನಸ್ಸಿನ ಗೆಲುವು, ಎಲ್ಲದರಲ್ಲೂ ಅದರ ಕೈಯಿದೆ. ವಯಸ್ಸಾಗ್ತಾ ಆಗ್ತಾ ಆ ಗುಂಪು ಅಷ್ಟಾಗಿ ಕರಗಲ್ಲ, ಆದರೆ ಅದು ಕಳಿಸಿದ್ದನ್ನ ಹಿಡಿದುಕೊಳ್ಳೋ ಜಾಗಗಳು ಕಮ್ಮಿಯಾಗ್ತವೆ, ಬಳಸಿದ್ದನ್ನ ವಾಪಸ್ ಒಳಗೆ ಎಳಕೊಳ್ಳೋ ವ್ಯವಸ್ಥೆಯೂ ಸೊರಗುತ್ತೆ. ಹತ್ತು ಹತ್ತು ವರ್ಷಕ್ಕೆ ಅಷ್ಟಷ್ಟು, ಹರೆಯ ದಾಟಿದ ಲಾಗಾಯ್ತು.

“ಹಾಗಾದ್ರೆ ಮುದುಕರೆಲ್ಲಾ ಹೀಗೇನಾ?”

“ಇಲ್ಲ. ಎಲ್ಲರಿಗೂ ಅದು ಕಮ್ಮಿ ಆಗುತ್ತೆ. ಎಲ್ಲರೂ ಹೀಗಾಗಲ್ಲ.”

“ನಂಗ್ಯಾಕಾಯ್ತು?”

“ಗೊತ್ತಿಲ್ಲ” ಅಂದರು. ಆ ಮಾತನ್ನು ಅವರು ಬಹಳ ಸಲ ಹೇಳಿ ರೂಢಿಯಾಗಿದೆ ಎಂದು ಅವನಿಗನ್ನಿಸಿತು. ಅವನು ಕಿಟಕಿಯ ಗಾಜನ್ನು ನೋಡಿದ. ಅಲ್ಲಿ ಯಾರೋ ಬೆರಳಿನಿಂದ ಧೂಳಿನ ಮೇಲೆ ಒಂದು ಗೀರು ಎಳೆದಿದ್ದರು. ಒಂದು ಪ್ರಶ್ನೆ ಒಳಗಿನಿಂದ ಹೊರಡುತ್ತಿತ್ತು, ಬಹಳ ದಿನಗಳ ಮೇಲೆ ಅವನಿಂದ ತಾನಾಗಿ ಹೊರಟದ್ದು ಅದೊಂದೇ. “ಮೇಡಂ, ನಾನು ಮೊದಲು ಜನರನ್ನ ನಗಿಸ್ತಾ ಇದ್ದೆ. ಅದೂ ಇದೇ ರಸದಿಂದಾನಾ? ಅದು ಜಾಸ್ತಿ ಇತ್ತಾ ಆಗ?”

“ಹಾಗೆ ಹೇಳಕ್ಕಾಗಲ್ಲ. ಒಂದು ರಸದಿಂದ ಒಬ್ಬ ಮನುಷ್ಯ ಆಗಲ್ಲ.”

“ಅಂದ್ರೆ ಅವೆಲ್ಲಾ ಮಾಡಿದ್ದು ನಾನೇ.”

“ನೀವೇ” ಅಂದು ಡಾಕ್ಟರಮ್ಮ ನಕ್ಕರು. ಅದನ್ನು ಹೊಗಳಿಕೆಯೆಂದು ತಿಳಿದಿದ್ದರು. ಆಮೇಲೆ ಮಾತ್ರೆ ಬರೆಯುತ್ತ, “ನಿಮ್ಮ ಮನೆಯವರು ಹೇಳಿದಾರೆ, ಅವರಿಗೆ ಹುಷಾರಿಲ್ಲದಾಗ ನೀವು ಜೊತೆಗಿದ್ರಂತೆ. ಈಗ ಅವರ ಸರದಿ. ನಿಧಾನ ಆಗಬಹುದು. ಈ ವಯಸ್ಸಲ್ಲಿ ಮಾತ್ರೆ ಹಿಡಿಯೋದು ತಡ” ಎಂದರು. ಗಿಣಿಯಣ್ಣ ಹೆಂಡತಿಯ ಕಡೆ ನೋಡಿದ. ಅವಳು ಚೀಲದ ಹಿಡಿಯನ್ನು ಸರಿಮಾಡಿಕೊಳ್ಳುತ್ತಿದ್ದಳು.

ಜೊತೆಗಿದ್ದದ್ದು. ಆಗ ಅವಳಿಗೆ ನಲವತ್ತೋ ನಲವತ್ತೊಂದೋ. ಒಂದು ಮಳೆಗಾಲ ಪೂರ್ತಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಲೆ ಬಾಚದೆ ಕೂದಲು ಜಡೆಗಟ್ಟಿತ್ತು. ಊರವರ ತಲೆಯನ್ನೆಲ್ಲ ಬಾಚುವವನು ಹೆಂಡತಿಯ ತಲೆಗೆ ಕೈ ಹಾಕಿರಲಿಲ್ಲ. ಬಾಗಿಲಲ್ಲಿ ನಿಂತು, “ಮನಸ್ಸು ಗಟ್ಟಿ ಮಾಡ್ಕೊಳೇ” ಅನ್ನುತ್ತಿದ್ದ. ಅದಕ್ಕಿಂತ ಒಳಗೆ ಹೋದರೆ ತನಗೂ ಅಂಟುತ್ತದೇನೋ ಎಂಬಂತೆ ಹೊಸಲು ದಾಟುತ್ತಿರಲಿಲ್ಲ. ಆಮೇಲೆ ಅಂಗಡಿ. ಅಂಗಡಿಯಲ್ಲಿ ಕನ್ನಡಿಗಳಿದ್ದವು, ಬಿಳಿ ಬಟ್ಟೆ ಹೊದ್ದು ಕೈಕಾಲು ಕಟ್ಟಿದವರಂತೆ ಕೂತ ಗಂಡಸರಿದ್ದರು, ಅವರು ನಗಬೇಕಿತ್ತು. ‘ನಮ್ಮನೆ ಮಹಾರಾಣಿ ಗೋಡೆ ನೋಡ್ತಾ ಮಲಗಿದಾರೆ ಸ್ವಾಮಿ, ಗೋಡೆಗೆ ನಾಚಿಕೆಯಾಗಿ ಸುಣ್ಣ ಉದುರ್ತಾ ಇದೆ.’ ಮೊದಲ ದಿನ ಅಷ್ಟೇ ಇತ್ತು. ಮರುದಿನ ಬೆಳೆಯಿತು. ‘ನಿನ್ನೆ ಗೋಡೆ ಬಾಯ್ಬಿಟ್ಟು ಕೇಳಿತಂತೆ, ತಾಯೀ, ಸ್ವಲ್ಪ ಆ ಕಡೆ ತಿರುಗಿ, ನಂಗೂ ಸಂಸಾರ ಇದೆ ಅಂತ.’ ಗೋಡೆಯ ದನಿ ದಪ್ಪ. ಅದಕ್ಕೆ ಮಹಾರಾಣಿಯ ಉತ್ತರ, ಎಳೆದೆಳೆದು, ಕ್ಷೀಣವಾಗಿ, ಹೆಂಡತಿಯ ದನಿಯಲ್ಲೇ. ಒಬ್ಬರಂತೂ ನಕ್ಕು ನಕ್ಕು ಕತ್ತರಿಗೆ ಕಿವಿ ಕೊಟ್ಟುಕೊಂಡು, ರಕ್ತ ನಿಲ್ಲಲು ಪಟಿಕ ಒತ್ತಿಸಿಕೊಳ್ಳುತ್ತ ಮತ್ತೆ ನಕ್ಕಿದ್ದರು. ಬೇರೆ ಬೀದಿಗಳಿಂದ ಜನ ಆ ಜೋಕಿಗೆಂದೇ ಬಂದರು. ಆ ಮಳೆಗಾಲದಲ್ಲಿ ಅಂಗಡಿ ನಡೆದಷ್ಟು ಮತ್ತೆ ಯಾವತ್ತೂ ನಡೆಯಲಿಲ್ಲ.

ಬಸ್ಸಿಗೆ ಕಾಯುತ್ತ ಇಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತರು. ಮಾತ್ರೆಯ ಪೊಟ್ಟಣ ಅವಳ ಚೀಲದಲ್ಲಿತ್ತು. ಎದುರಿಗೆ ನಿಂತ ಲಾರಿಯ ಹಿಂದೆ ಯಾರೋ ಉಚ್ಚೆ ಹೊಯ್ಯುತ್ತಿದ್ದ.

“ಡಾಕ್ಟ್ರಿಗೆ ಯಾಕೆ ಹಾಗೆ ಹೇಳ್ದೆ? ನಾನು ಜೊತೆಗಿದ್ದೆ ಅಂತ?”

“ಇನ್ನೇನು ಹೇಳ್ಬೇಕಿತ್ತು?”

ಅವನು ಲಾರಿಯ ಕಡೆಗೆ ನೋಡಿದ. ಅವಳು ರಸ್ತೆಯ ಕಡೆಗೆ ನೋಡುತ್ತಲೇ, “ನಿಮ್ಮ ಗೋಡೆ ಜೋಕು ನಂಗೊತ್ತು” ಅಂದಳು. “ಮೊದಲ ಸಲ ಎದ್ದು ಓಡಾಡೋ ಹಾಗಾಗಿತ್ತಲ್ಲ, ಆವತ್ತು ಮಧ್ಯಾಹ್ನ ನಿಮಗೆ ಬುತ್ತಿ ತಗೊಂಡು ಅಂಗಡಿ ತನಕ ನಡ್ಕೊಂಡು ಬಂದಿದ್ದೆ. ನೀವು ಖುಷಿ ಪಡ್ತೀರಿ ಅಂತ. ಬಾಗಿಲ ಹತ್ರ ನಿಂತು ಕೇಳಿಸ್ಕೊಂಡೆ.”

“ಒಳಗೆ ಬರಲಿಲ್ಲ ನೀನು.”

“ಇಲ್ಲ. ವಾಪಸ್ ಹೋದೆ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ? ಬೈಬೋದಿತ್ತಲ್ಲ.”

ಅವಳು ಯೋಚಿಸಿದಳು. ಅವನನ್ನು ನೋಯಿಸಲಿಕ್ಕೂ ಅಲ್ಲ, ಸಮಾಧಾನ ಮಾಡಲಿಕ್ಕೂ ಅಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಯಾವುದೆಂದು ಹುಡುಕುವವಳ ಮುಖವಿತ್ತು ಅದು. “ಜೋಕು ಚೆನ್ನಾಗಿತ್ತು ಕಣ್ರೀ. ಒಳಗೆ ಎಲ್ರೂ ಅಷ್ಟು ನಗ್ತಾ ಇದ್ರು. ನಂಗೂ ನಗು ಬರ್ಬೇಕಿತ್ತು, ಬರ್ಲಿಲ್ಲ. ಓ, ಇನ್ನೂ ನಂಗೆ ಹುಷಾರಾಗಿಲ್ಲ ಅಂದ್ಕೊಂಡೆ. ಮನೆಗೆ ಹೋಗಿ ಮಲಗಿದೆ.”

ಬಸ್ಸು ಬಂತು. ಅವಳು ಮೊದಲು ಹತ್ತಿ, ಹಿಡಿಕೆ ಹಿಡಿದು, ಅವನಿಗೆ ಕೈ ಕೊಟ್ಟಳು. ಆ ಕೈ ಹಿಡಿದು ಮೆಟ್ಟಿಲು ಹತ್ತುವಾಗ ತನ್ನೊಳಗೆ ಈಗ ಏನಾದರೂ ಒಡೆಯಬೇಕು, ಈಗಲೂ ಒಡೆಯದಿದ್ದರೆ ಇನ್ನು ಯಾವಾಗ ಎಂದು ಅವನು ಕಾದ. ಕಂಡಕ್ಟರ್ ಚೀಟಿ ಹರಿದುಕೊಟ್ಟ. ಕಿಟಕಿಯಾಚೆ ಅಂಗಡಿಗಳು, ತಂತಿಗಳು, ಅರ್ಧ ಕಟ್ಟಿದ ಒಂದು ಮಹಡಿ ಹಿಂದಕ್ಕೆ ಸರಿದವು. ತಪ್ಪು ಮಾಡಿದೆನೆಂದು ಅವನಿಗೆ ಗೊತ್ತಿತ್ತು, ಎರಡು ಎರಡು ನಾಲ್ಕು ಎಂದು ಗೊತ್ತಿರುವ ಹಾಗೆ. ಅಳಬೇಕಾದ ಗಂಟಲು ಒಣಗಿ ಬರೀ ಗಂಟಲಾಗಿತ್ತು. ನಗುವ ವಯಸ್ಸಿನಲ್ಲಿ ಅವಳ ಪಾಲಿನ ನಗುವನ್ನೂ ತಾನೇ ನಕ್ಕು ಮುಗಿಸಿ, ಅಳುವ ವಯಸ್ಸಿಗೆ ಬರಿಗೈಯಲ್ಲಿ ಬಂದಿದ್ದ. ಇದನ್ನಾದರೂ ಆ ರಸದ ತಲೆಗೆ ಕಟ್ಟೋಣವೆಂದರೆ ಡಾಕ್ಟರಮ್ಮ ನಕ್ಕು, ನೀವೇ ಅಂದಿದ್ದರು.

ಮಾತ್ರೆ ಶುರುವಾಯಿತು. ಮೊದಲ ವಾರ ಹೊಟ್ಟೆ ತೊಳಸಿತು, ಬಾಯಿ ಒಣಗಿತು. ಅವಳು ನಿಂಬೆ ಹಿಂಡಿ ಕೊಟ್ಟಳು. ಆಮೇಲೆ ಕೈ ನಡುಗತೊಡಗಿತು, ಜೋರಾಗಿ ಅಲ್ಲ, ಲೋಟದ ನೀರಿನ ಮೇಲ್ಮೈ ಮಾತ್ರ ಕಾಣುವಷ್ಟು. ಕ್ಷೌರದವನಿಗೆ ಅಷ್ಟು ಸಾಕು. ಒಂದು ದಿನ ಬಚ್ಚಲಿನಲ್ಲಿ ತಲೆ ತಿರುಗಿ ಬಿದ್ದ. ರಕ್ತದಲ್ಲಿ ಉಪ್ಪು ಇಳಿದಿದೆಯೆಂದು, ವಯಸ್ಸಾದವರಿಗೆ ಈ ಮಾತ್ರೆಯಿಂದ ಹೀಗಾಗುವುದುಂಟೆಂದು ಡಾಕ್ಟರಮ್ಮ ಅದನ್ನು ಬಿಡಿಸಿ ಬೇರೆ ಕೊಟ್ಟರು. ಕಾಯಬೇಕು ಎಂದರು. ಕಾದ. ಕಾಯುವುದೇನು ಕಷ್ಟವಿರಲಿಲ್ಲ, ಯಾವುದನ್ನೂ ಬಯಸದವನಿಗೆ ಕಾಯುವುದೂ ಒಂದೇ, ಕಾಯದಿರುವುದೂ ಒಂದೇ. ನಿದ್ದೆ ಮಾತ್ರ ಒಂದಿಷ್ಟು ಸುಧಾರಿಸಿತು. ಬೆಳಗಾದ ಮೇಲೆ ಎಚ್ಚರವಾಗತೊಡಗಿದಾಗ ಹೆಂಡತಿ, “ಮೊದಲು ನಿದ್ದೆ ಬರುತ್ತೆ. ನಂಗೂ ಹಾಗೇ ಆಗಿತ್ತು” ಅಂದಳು. ಅವಳ ದನಿಯಲ್ಲಿ ಹಳೆಯ ಊರಿನ ದಾರಿ ಹೇಳಿಕೊಡುವವರ ಅನುಭವವಿತ್ತು.

ಹೀಗೆ ಅವನು ಮನೆಯಲ್ಲಿ ಕೂತೇ ಇದ್ದುದನ್ನು ನೋಡಿ, ಒಂದು ಭಾನುವಾರ ಅವಳೇ, “ಅಂಗಡಿ ಕಡೆ ಹೋಗಿ ಬನ್ನಿ, ಸುಮ್ನೆ ಕೂತು ಬನ್ನಿ” ಎಂದು ಕಳಿಸಿದಳು. ಹೋದ. ಭಾನುವಾರದ ಗದ್ದಲ, ಬೆಂಚು ತುಂಬಿತ್ತು. “ಬಂದ್ರಪ್ಪಾ ಗಿಣಿಯಣ್ಣ” ಎಂದು ಯಾರೋ ಜಾಗ ಬಿಟ್ಟರು. ಕನ್ನಡಿಯಲ್ಲಿ ಒಬ್ಬ ಇಳಿಗೆನ್ನೆಯ ಮುದುಕ ಕೂತದ್ದನ್ನು ಅವನು ಸ್ವಲ್ಪ ಹೊತ್ತು ಬೇರೆ ಯಾರೋ ಎಂದುಕೊಂಡು ನೋಡಿದ. ಕುರ್ಚಿಯಲ್ಲಿ ಮರದಂಗಡಿಯವರೇ ಇದ್ದರು. ಅವರಿಗೆ ಗಿಣಿಯಣ್ಣನನ್ನು ಗೆಲುವು ಮಾಡಬೇಕೆನ್ನಿಸಿರಬೇಕು, ಕೆಟ್ಟವರಲ್ಲ ಅವರು. “ಏನೇ ಅನ್ರಪ್ಪಾ, ಆ ಗೋಡೆ ಜೋಕು ಇದೆಯಲ್ಲ, ಅದರ ಮುಂದೆ ಇವತ್ತಿನ ಟೀವಿಯವರದೆಲ್ಲ ಸಪ್ಪೆ” ಅಂದರು. ಬೆಂಚಿನ ಮೇಲಿದ್ದ ಎಳೆಯವರು ಯಾವ ಜೋಕು ಎಂದರು. ತಮ್ಮನ ಮಗ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿ ಗಂಟಲು ಸರಿಮಾಡಿಕೊಂಡ. ಅವನೂ ಆ ಜೋಕು ಹೇಳುತ್ತಾನೆಂದು ಗಿಣಿಯಣ್ಣನಿಗೆ ಗೊತ್ತಿರಲಿಲ್ಲ. ಹೇಳುತ್ತಿದ್ದ, ಎಷ್ಟೋ ದಿನಗಳಿಂದ ಹೇಳುತ್ತಿದ್ದಿರಬೇಕು. ನಿಲ್ಲಬೇಕಾದ ಕಡೆ ನಿಲ್ಲುತ್ತಿದ್ದ, ಗೋಡೆಗೆ ದಪ್ಪ ದನಿ ಸರಿಯಾಗಿ ಕೂತಿತ್ತು. ಮಹಾರಾಣಿ ಉತ್ತರ ಕೊಡಲು ಬಾಯಿ ತೆರೆದಾಗ ಹೊರಬಂದದ್ದು ಆ ಹಿಂದಿನ ಕೋಣೆಯ ದನಿ. ಆ ದನಿಯನ್ನು ತಮ್ಮನ ಮಗ ಕೇಳಿರಲು ಸಾಧ್ಯವಿರಲಿಲ್ಲ, ಆಗ ಅವನು ಹಾಲುಗಲ್ಲದ ಕೂಸು. ಅವನಿಗೆ ಅದು ದಾಟಿದ್ದು ಗಿಣಿಯಣ್ಣನ ಬಾಯಿಂದ. ಕೂಸನ್ನು ಎತ್ತಿ ಆಡಿಸಿದ ದೊಡ್ಡಮ್ಮನ ನರಳಾಟ ಅವನ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಬೆಂಚು ನಕ್ಕಿತು.

“ನಿಲ್ಸು” ಅಂದ ಗಿಣಿಯಣ್ಣ.

ನಗುವಿನಲ್ಲಿ ಅದು ಕೇಳಿಸಲಿಲ್ಲ. ಅವನು ಎದ್ದು ನಿಂತ. ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಸುಲಭವಿತ್ತು. ಸಿಟ್ಟಿಲ್ಲದೆ ಎದ್ದು ನಿಲ್ಲುವುದೆಂದರೆ ಕಲ್ಲನ್ನು ಕೈಯಿಂದ ಎತ್ತಿ ನಿಲ್ಲಿಸಿದಂತೆ, ಪ್ರತಿಯೊಂದು ಕೀಲಿಗೂ ಹೇಳಿ ಹೇಳಿ ಮಾಡಿಸಬೇಕಾಯಿತು. “ಆ ಜೋಕು ಇನ್ಮೇಲೆ ಹೇಳ್ಬೇಡ.”

“ಯಾಕೆ ದೊಡ್ಡಪ್ಪ? ನಿಮ್ದೇ ಅಲ್ವಾ?”

“ನಂದೇ. ಅವಳಿಗೆ ಆಗ ಹುಷಾರಿರಲಿಲ್ಲ. ಸಾಯೋ ಹಾಗಿದ್ಲು. ನಾನು ಇಲ್ಲಿ ನಿಂತು ಇದನ್ನ ಹೇಳ್ತಾ ಇದ್ದೆ, ಅವಳು ಆ ಬಾಗಿಲಲ್ಲಿ ಬುತ್ತಿ ಹಿಡ್ಕೊಂಡು ನಿಂತು ಕೇಳಿದ್ಲು.”

ಎಳೆಯನೊಬ್ಬ ಬಾಗಿಲ ಕಡೆಗೆ ತಿರುಗಿ ನೋಡಿದ. ಮರದಂಗಡಿಯವರು ಬಿಳಿ ಬಟ್ಟೆಯೊಳಗಿಂದ ಕೈ ತೆಗೆಯಲಾಗದೆ, “ಬಿಡಿ ಗಿಣಿಯಣ್ಣ, ತಮಾಷೆ ತಾನೆ, ಎಷ್ಟು ಹಳೇದು” ಅಂದರು. “ನೀವೂ ನಕ್ಕಿದ್ರಿ” ಅಂದ ಅವನು. ಅವರ ಮುಖ ಕೆಂಪಾಯಿತು. ಹೇಳಿದ ಮೇಲೆ ಎದೆ ಹಗುರವಾಗುತ್ತದೆ ಎಂದು ಜನ ಅನ್ನುತ್ತಾರೆ; ಅವನು ಅಲ್ಲೇ ನಿಂತು ನೋಡಿಕೊಂಡ, ಎದೆ ಇದ್ದ ಹಾಗೇ ಇತ್ತು. ತಮ್ಮನ ಮಗ ಕತ್ತರಿ ಕೆಳಗಿಟ್ಟು, ಅವನ ತೋಳು ಹಿಡಿದು ಹೊರಗೆ ಕರೆತಂದ. ರಸ್ತೆಯ ಬಿಸಿಲಿನಲ್ಲಿ, “ದೊಡ್ಡಪ್ಪ, ನಂಗೆ ಗೊತ್ತಿರಲಿಲ್ಲ, ಇನ್ನು ಹೇಳಲ್ಲ,” ಅಂದ. ಕಣ್ಣು ನೀರಾಡಿತ್ತು ಅವನಿಗೆ, ಎಳೆ ಮಿದುಳು. “ಆದ್ರೆ ಗಿರಾಕಿಗಳ ಮುಂದೆ ಹೀಗೆಲ್ಲ... ಭಾನುವಾರ ಬೇರೆ. ನೀವು ಮನೇಲಿ ಆರಾಮಾಗಿರಿ. ಅಂಗಡಿ ನಾನು ನೋಡ್ಕೋತೀನಿ. ಬರೋದೇ ಬೇಡ ಇನ್ನು.” ಅವನ ತೋಳಿನ ಮೇಲಿನ ಹಿಡಿತ ಮೆತ್ತಗಿತ್ತು. ಗಿಣಿಯಣ್ಣ ತಲೆಯಾಡಿಸಿದ.

ಮನೆಗೆ ಬಂದು ಚಪ್ಪಲಿ ಬಿಟ್ಟು ನೇರ ಹೋಗಿ ಮಂಚದ ಮೇಲೆ ಮಲಗಿದ. ನಡೆದದ್ದನ್ನು ಹೆಂಡತಿಗೆ ಹೇಳಬೇಕು ಅಂದುಕೊಂಡ. ಹೇಳಿದರೆ ಅದೂ ಮೆಚ್ಚಿಸಲು ಹೇಳಿದ ಕಥೆಯಾಗುತ್ತದೆ ಎಂದೂ ಅನ್ನಿಸಿತು. ಅವಳು ಬಂದು ನೋಡಿದಳು. “ಬೇಗ ಬಂದ್ರಿ.”

“ಇನ್ನು ಅಂಗಡಿಗೆ ಹೋಗಲ್ಲ.”

“ಸರಿ” ಅಂದಳು. ಹೊರಗೆ ಹೋದಳು. ಅಡುಗೆಮನೆಯಲ್ಲಿ ಒಲೆ ಆರಿಸಿದ ಸದ್ದಾಯಿತು. ಆಮೇಲೆ ಒಂದು ಕುರ್ಚಿಯನ್ನು ಎಳೆದು ತಂದು, ಹೊಸಲು ದಾಟಿಸಿ, ಮಂಚದ ಪಕ್ಕಕ್ಕೆ ಹಾಕಿಕೊಂಡು ಕೂತಳು. ಕೈಯಲ್ಲಿ ಕೆಲಸವೇನೂ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಅವನೇ ಕೇಳಿದ: “ಆಗ ನಿಂಗೆ ಏನು ಬೇಕಾಗಿತ್ತು?”

“ಯಾವಾಗ?”

“ಹುಷಾರಿಲ್ದಾಗ.”

“ಯಾರಿಗೆ ನೆನಪಿದೆ” ಅಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಿಮಗೇನು ಬೇಕು ಈಗ, ಅದು ಹೇಳಿ.”

ಅವನು ಒಳಗೆ ಹುಡುಕಿದ. ಕತ್ತಲ ಕೋಣೆಯಲ್ಲಿ ಗೋಡೆ ತಡವಿದಂತೆ ಬಹಳ ಹೊತ್ತು ಹುಡುಕಿದ. ಕೈಗೆ ಏನೂ ಸಿಗಲಿಲ್ಲ. ಆದರೂ ಕೇಳಿದವಳಿಗೆ ಏನಾದರೂ ಕೊಡಬೇಕೆಂದು, “ಕೂತಿರು” ಅಂದ.

“ಕೂತೇ ಇದೀನಲ್ಲ.”

ಕೂತಿದ್ದಳು. ಅವನು ಕಣ್ಣು ಮುಚ್ಚಿದ. ಪಕ್ಕದಲ್ಲಿ ಒಬ್ಬರು ಇದ್ದಾರೆಂಬುದು ಮೈಗೆ ತಾನಾಗಿ ತಿಳಿಯುತ್ತದಲ್ಲ, ಅದು ತಿಳಿಯಲಿಲ್ಲ. ಅವಳು ಎದ್ದು ಹೋಗಿಲ್ಲವೆಂದು ಗೊತ್ತುಮಾಡಿಕೊಳ್ಳಲು ಆಗಾಗ ಕಣ್ಣು ತೆರೆದು, ತಿರುಗಿ ನೋಡಬೇಕಾಯಿತು.